ಕ್ಯಾಲ್ಕುಲಸ್ಸಿಗೆ ಕೊಟ್ಟ ಕಾಯಿ

ನನ್ನ ಗಣಿತ ಮೀಟರಿನಲ್ಲಿ ಹುಟ್ಟಿ ಮೀಟರಿನಲ್ಲೇ ಮುಗಿಯುವಂಥದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದೂ ಇಲ್ಲ. ಆದ್ದರಿಂದ ಮಗಳು ಎರಡನೇ ಪಿಯುಸಿಗೆ ಬಂದು, ಹೋಂವರ್ಕಿನ ಲೆಕ್ಕವೊಂದನ್ನು ನನ್ನ ಮುಂದೆ ಹಿಡಿದಾಗ, ನಾನು ಕನ್ನಡಕ ಹಾಕಿಕೊಂಡು, ಪುಟವನ್ನು ಗೌರವದಿಂದ ನೋಡಿ, ಕನ್ನಡಕ ತೆಗೆದು ಒರೆಸಿ, ಪುಸ್ತಕವನ್ನು ವಾಪಸು ಕೊಟ್ಟೆ. ಅವಳ ವಿದ್ಯಾಭ್ಯಾಸಕ್ಕೆ ತಂದೆಯ ಕೊಡುಗೆ ಅಲ್ಲಿಗೆ ಸಂಪೂರ್ಣವಾಯಿತು.

ಅವಳಿಗೆ ಸಿವಿಲ್ ಎಂಜಿನಿಯರಿಂಗ್ ಓದಬೇಕೆಂಬ ಹಟ. ಹೈಸ್ಕೂಲಿನಲ್ಲಿದ್ದಾಗ ಗಾಜನೂರಿನ ಅಣೆಕಟ್ಟೆಗೆ ಕರೆದುಕೊಂಡು ಹೋಗಿದ್ದರು. ಉಳಿದ ಮಕ್ಕಳೆಲ್ಲ ಪುಳಿಯೋಗರೆ ತಿಂದು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಇವಳು ಮಾತ್ರ, ಇಷ್ಟು ನೀರು ಹಗಲೂರಾತ್ರಿ ತಳ್ಳುತ್ತಿದ್ದರೂ ಗೋಡೆ ಯಾಕೆ ಬೀಳುವುದಿಲ್ಲ ಎಂದು ಮೇಷ್ಟ್ರನ್ನು ಕೇಳಿದಳಂತೆ. ಸರ್ಕಾರ ಕಟ್ಟಿದ್ದಲ್ವಾ, ಬೀಳೋದಿಲ್ಲ ಎಂದು ಮೇಷ್ಟ್ರು ಸಮಾಧಾನ ಹೇಳಿದರಂತೆ. ಆ ಉತ್ತರ ಕೇಳಿದ ಮೇಲೂ ಎಂಜಿನಿಯರ್ ಆಗಬೇಕೆಂದು ಅನ್ನಿಸಿದ್ದರೆ ಅದು ಗಟ್ಟಿಯಾದ ಆಸೆಯೇ ಇರಬೇಕು ಎಂದು ನಾನೂ ಒಪ್ಪಿದೆ. ಆದರೆ ಸೀಟು ಸಿಗಬೇಕಾದರೆ ಭೌತಶಾಸ್ತ್ರ, ಗಣಿತ ಎರಡರಲ್ಲೂ ಒಳ್ಳೆಯ ಅಂಕ ಬರಬೇಕು. ಮೊದಲ ವರ್ಷ ಆ ಎರಡರಲ್ಲಿ ಅವಳು ಪಾಸಾದದ್ದು ಬುದ್ಧಿಯಿಂದಲ್ಲ, ಕಾಲೇಜಿನವರ ಕರುಣೆಯಿಂದ. ಎರಡನೇ ವರ್ಷ ಬೋರ್ಡಿನ ಪರೀಕ್ಷೆ; ಅಲ್ಲಿ ಕರುಣೆಗೆ ಜಾಗವಿಲ್ಲ.

ನಾವಿರುವ ವಿದ್ಯಾನಗರದಲ್ಲಿ ಟ್ಯೂಷನ್ನಿಗೆ ಬರವೇನಿಲ್ಲ. ಒಂದಕ್ಕೆ ಸೇರಿಸಿಯೂ ನೋಡಿದೆವು. ಕಲ್ಯಾಣ ಮಂಟಪದಂಥ ಹಾಲು, ಮೈಕು, ಹಿಂದಿನ ಬೆಂಚಿನವರಿಗೆ ಮೇಷ್ಟ್ರ ಮುಖ ಟಿವಿಯಲ್ಲಿ. ಒಂದು ಸಂಶಯ ಕೇಳಬೇಕಾದರೆ ಕೈ ಎತ್ತಿ ಮುಂದಿನ ವಾರದವರೆಗೆ ಹಾಗೇ ಹಿಡಿದುಕೊಂಡಿರಬೇಕು ಎಂದು ಅವಳು ಬಂದು ಹೇಳಿದಳು, ಬಿಟ್ಟಳು.

ಆಗ ಎದ್ದು ನಿಂತವರು ನಮ್ಮ ಭಾವ. ನನ್ನ ಒಬ್ಬಳೇ ಅಕ್ಕನ ಗಂಡ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ, ಕೆಲಸ ಕಲಿಯಲು ಬರುವ ಹುಡುಗರಿಗೆ ಪಾಠ ಹೇಳಿ ಹೇಳಿ ನಿವೃತ್ತರಾದವರು. ಅವರ ಕಾಲದ ಬಿಎಸ್ಸಿ, ಅದೂ ಫಸ್ಟ್ ಕ್ಲಾಸ್. ಆ ಎರಡು ಶಬ್ದಗಳನ್ನು ಅವರು ಊಟಕ್ಕೆ ಮುಂಚಿನ ಆಚಮನದಂತೆ ದಿನಾ ಉಚ್ಚರಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗಿದ್ದ ಕೊರತೆ ಒಂದೇ, ಬೈಯಲು ಜನ ಸಿಗುತ್ತಿರಲಿಲ್ಲ. ಅಕ್ಕ ಒಬ್ಬಳನ್ನೇ ಎಷ್ಟು ಅಂತ ಬೈಯುವುದು. ಮನೆಯಲ್ಲೇ ಇಂಥ ಮನುಷ್ಯ ಇರುವಾಗ ಹುಡುಗಿಯನ್ನು ಬೀದಿಯ ಮೈಕಿಗೆ ಕಳಿಸಿದಿರಲ್ಲ ಎಂದು ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡು, ಭಾನುವಾರದಿಂದಲೇ ಭದ್ರಾವತಿಗೆ ಕರೆದುಕೊಂಡು ಬಾ ಎಂದು ಅಪ್ಪಣೆ ಮಾಡಿದರು.

ಇನ್ನು ತಟ್ಟೆಯ ವಿಷಯ. ವಿದ್ಯೆಯನ್ನು ಬರಿಗೈಯಲ್ಲಿ ಕೇಳಬಾರದು ಎಂದು ನನ್ನ ತಲೆಯಲ್ಲಿ ಕೂತಿದೆ. ಮೊದಲ ಭಾನುವಾರ ಒಂದು ಸ್ಟೀಲಿನ ತಟ್ಟೆಯಲ್ಲಿ ಜುಟ್ಟು ಬಿಟ್ಟ ತೆಂಗಿನಕಾಯಿ, ಎಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಬರೀ ಶಿಷ್ಯೆಯ ತಂದೆಯಾಗಿ ಉಳಿಯುತ್ತಿದ್ದೆ. ಬಟ್ಟೆ ವ್ಯಾಪಾರಿಯ ಕೈ, ಸುಮ್ಮನಿರಲಿಲ್ಲ. ಹಬ್ಬಕ್ಕೆ ತರಿಸಿದ್ದ ಮಾಲಿನಲ್ಲಿ ಹಸಿರು ಕುಪ್ಪಸದ ಕಣವೊಂದು ಚೆನ್ನಾಗಿತ್ತು, ಅಕ್ಕನಿಗೆ ಇರಲಿ ಎಂದು ಅದನ್ನೂ ತಟ್ಟೆಯಲ್ಲಿ ಮಡಿಸಿಟ್ಟೆ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು, "ಇನ್ನು ಇವಳು ನಿಮ್ಮವಳು, ತಿದ್ದಿ ತೀಡಿ" ಎಂದೆ. ಅಕ್ಕನ ಕಣ್ಣಲ್ಲಿ ನೀರು ಬಂತು. ವಿದ್ಯೆಯ ಮೇಲೆ ಇವಳಿಗೆ ಇಷ್ಟು ಭಕ್ತಿಯೇ ಎಂದು ನನಗೆ ಹೆಮ್ಮೆಯಾಯಿತು. ಅವಳು ಕಾಯನ್ನು ಒಡೆಯದೆ ದೇವರ ಮನೆಯಲ್ಲಿಟ್ಟಳು. ಅದನ್ನೂ ನೋಡಿದೆ, ಭಕ್ತಿ ಎಂದೇ ತಿಳಿದೆ.

ಪಾಠ ಆರಂಭವಾಯಿತು. ಭಾವನ ಪದ್ಧತಿ ಹೀಗೆ: ಶಿಷ್ಯೆ ನಿಂತಿರಬೇಕು, ಅವರು ಬೆತ್ತದ ಕುರ್ಚಿಯಲ್ಲಿ ಕೂತಿರಬೇಕು. ನಾನು ಪಕ್ಕದ ದಿವಾನದ ಮೇಲೆ ಪೇಪರು ಹಿಡಿದು ಸಭೆಯಾಗಿರಬೇಕು. ಮೊದಲ ದಿನವೇ ಅವರು ಎಲೆಪೆಟ್ಟಿಗೆಯಿಂದ ಒಂದು ಗೋಟಡಿಕೆ ತೆಗೆದು, ಮೇಲಕ್ಕೆ ಎಸೆದು ಹಿಡಿದರು.

"ಮೇಲೆ ಹೋಯ್ತು, ಒಂದು ಗಳಿಗೆ ನಿಂತಿತು, ಕೆಳಗೆ ಬಂತು. ನಿಂತಾಗ ಅದರ ಆಕ್ಸಿಲರೇಷನ್ ಎಷ್ಟೇ?"

"ಸೊನ್ನೆ, ಮಾವ."

ಭಾವ ಕಣ್ಣು ಮುಚ್ಚಿ ಆ ಉತ್ತರವನ್ನು ಸ್ವಲ್ಪ ಹೊತ್ತು ಸವಿದರು. ಆಮೇಲೆ ಅಡುಗೆ ಮನೆಯ ಕಡೆ ತಿರುಗಿ ಅಕ್ಕನನ್ನು ಕರೆದರು. "ಲೇ, ಬಾ ಇಲ್ಲಿ. ನಿನ್ನ ತಮ್ಮನ ಮಗಳು ಭೂಮಿಗೆ ರಜಾ ಕೊಟ್ಟಿದಾಳೆ."

ಅಕ್ಕ ಸೌಟು ಹಿಡಿದುಕೊಂಡೇ ಬಂದು, ಏನೆಂದು ತಿಳಿಯದೆ ನಕ್ಕಳು. ವೇಗ ಸೊನ್ನೆಯಾದರೂ ಭೂಮಿ ಎಳೆಯುವುದನ್ನು ಬಿಟ್ಟಿರುವುದಿಲ್ಲ, ಆದ್ದರಿಂದ ಆಕ್ಸಿಲರೇಷನ್ ಇದ್ದೇ ಇರುತ್ತದೆ ಎಂಬುದು ಸರಿಯುತ್ತರ. ಅದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಭಾವ ಮಳೆಗಾಲ ಮುಗಿಯುವವರೆಗೂ ಹೇಳಿದರು. ಹಾಲಿನವನಿಗೆ ಹೇಳಿದರು. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದರು. ಅವನು ಸಿಲಿಂಡರನ್ನು ಹೆಗಲಿನಿಂದ ಇಳಿಸದೆಯೇ ಕೇಳಬೇಕಾಯಿತು, ಭೂಮಿಯ ಎಳೆತದ ಬಗ್ಗೆ ಅವನಿಗೆ ಸಂಶಯವೇನೂ ಇರಲಿಲ್ಲ. ನಮ್ಮವರ ಗೃಹಪ್ರವೇಶವೊಂದರಲ್ಲಿ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು. ಮಗಳು ಎಲೆಯ ಮೇಲಿನ ಕೋಸಂಬರಿಯನ್ನು ಒಂದೊಂದೇ ಕಾಳಾಗಿ ಸರಿಸುತ್ತ ತಲೆ ಎತ್ತಲಿಲ್ಲ. ಅವತ್ತಿನಿಂದ ಬಂಧುಬಳಗದಲ್ಲಿ ಅವಳ ಹೆಸರೇ "ಸೊನ್ನೆ" ಆಯಿತು.

ಕಾಲೇಜಿನಲ್ಲಿ ಕೊಡುತ್ತಿದ್ದ ಲೆಕ್ಕಗಳನ್ನು ಅವಳು ಪ್ರತಿ ಭಾನುವಾರ ಹೊತ್ತೊಯ್ಯುತ್ತಿದ್ದಳು. ಡಿಫರೆನ್ಸಿಯೇಷನ್ನಿನವು, ಇಂಟಿಗ್ರೇಷನ್ನಿನವು. ಭಾವ ಅವನ್ನು ನೊಣ ಓಡಿಸುವಂತೆ ಪಕ್ಕಕ್ಕೆ ಸರಿಸುತ್ತಿದ್ದರು. ಪಾಯ ಹಾಕದೆ ಛಾವಣಿಗೆ ಕೈ ಹಾಕಬಾರದಂತೆ. ಮೊದಲ ವರ್ಷದ ಪುಸ್ತಕ ತೆಗೆ, ಮೊದಲ ಅಧ್ಯಾಯ ತೆಗೆ. ಮೀಟರು, ಕಿಲೋಗ್ರಾಂ, ಸೆಕೆಂಡು. ಕಳೆದ ವರ್ಷವೇ ಮುಗಿದುಹೋದ ಪಾಠದ ಹೆಣವನ್ನು ವಾರವಾರವೂ ಎಬ್ಬಿಸಿ ಕೂರಿಸುತ್ತಿದ್ದರು. ದಸರಾ ಬಂತು, ಪಾಯ ಒಣಗಿರಲಿಲ್ಲ. ದೀಪಾವಳಿ ಬಂತು, ಆಗಲೂ ಒಣಗಿರಲಿಲ್ಲ. ಪಕ್ಕದ ಮನೆಯ ತಮಿಳು ಅಜ್ಜಿಯೊಬ್ಬಳು ಕಾಂಪೌಂಡಿನ ಮೇಲಿಂದ ಇವಳನ್ನು ನೋಡಿ, ಇನ್ನೂ ನಿಂತೇ ಇದಾಳೆ, ಅಯ್ಯೋ ಪಾವಂ, ಪಾಪದ ಹುಡುಗಿ, ಎಂದು ಒಳಗೆ ಹೋಗುತ್ತಿದ್ದಳು.

ಪಾಠದ ನಂತರ ಅಕ್ಕನ ಸರದಿ. ಅವಳು ಮಗಳನ್ನು ಅಡುಗೆ ಮನೆಗೆ ಕರೆದುಕೊಂಡು ಹೋಗಿ, ನಮ್ಮ ಮನೆಯ ಕಡುಬಿಗೆ ಹಿಟ್ಟು ಹೀಗೆ ಹದ ಮಾಡಬೇಕು, ಸಾರಿಗೆ ಹುಳಿ ಇಷ್ಟೇ, ನಿಮ್ಮ ಮಾವನಿಗೆ ಇದು ಸೇರೋದಿಲ್ಲ ಎಂದೆಲ್ಲ ಕಲಿಸುತ್ತಿದ್ದಳು. ಒಂದು ದಿನ ಅವಳ ಕೈ ಹಿಡಿದು ಬಳೆಯ ಅಳತೆ ತೆಗೆದುಕೊಂಡಳು. ಸೋದರತ್ತೆಯ ಪ್ರೀತಿ ಎಂದುಕೊಂಡು ನಾನು ಪೇಪರಿನ ಕೊನೆಯ ಪುಟಕ್ಕೆ ಹೋದೆ.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಮಗಳು ಎರಡೂ ವಿಷಯದಲ್ಲಿ ಫೇಲಾದಳು. ಹೋಂವರ್ಕು ಮಾಡಿರದಿದ್ದ ಕಾರಣ ಕಾಲೇಜಿನಲ್ಲೂ ನಿಲ್ಲಿಸುತ್ತಿದ್ದರಂತೆ; ಒಟ್ಟಿನಲ್ಲಿ ಆ ವರ್ಷ ಅವಳು ಕೂತು ಕಲಿತದ್ದು ಕಡಿಮೆ. ಭಾವ ಅಂಕಗಳನ್ನು ನೋಡಿ ಖಿನ್ನರಾಗಲಿಲ್ಲ. ಹೆಣ್ಣುಮಕ್ಕಳಿಗೆಲ್ಲ ಎಂಜಿನಿಯರಿಂಗ್ ಒಗ್ಗಬೇಕು ಅಂತ ಕಾನೂನಿಲ್ಲವಲ್ಲ ಎಂದು, ಆ ದಿನ ಎರಡು ಲೋಟ ಕಾಫಿ ಕುಡಿದರು.

ಅದರ ಮುಂದಿನ ವಾರ ಅಕ್ಕನ ಮಗ ನನ್ನ ಅಂಗಡಿಗೆ ಬಂದ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಶಿವಮೊಗ್ಗದ ಬೈಕ್ ಶೋರೂಮೊಂದರ ಸರ್ವೀಸ್ ವಿಭಾಗದಲ್ಲಿದ್ದ. ಭದ್ರಾವತಿಯಿಂದ ದಿನಾ ಓಡಾಟ. ಭಾನುವಾರಗಳಲ್ಲಿ ಅವನು ಮನೆಯಲ್ಲಿ ಕಾಣಿಸುತ್ತಿರಲಿಲ್ಲ. ನಾವು ಬರುತ್ತೇವೆಂದೇ ತಪ್ಪಿಸಿಕೊಳ್ಳುತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ಗಿರಾಕಿಗಳು ಹೋಗುವವರೆಗೆ ಟವೆಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದು, ಆಮೇಲೆ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ನಿಂತ.

"ಮಾವ, ನಿಮಗೆ ಅವಳನ್ನ ಪಾಸು ಮಾಡಿಸೋ ಉದ್ದೇಶ ಏನಾದ್ರೂ ಇದೆಯಾ?"

ಅದೆಂಥ ಪ್ರಶ್ನೆಯೋ ಎಂದೆ.

"ಹಾಗಿದ್ರೆ ಅಪ್ಪನ ಹತ್ರ ಯಾಕೆ ಕರ್ಕೊಂಡು ಬರ್ತೀರಿ? ಅವರು ಕಲಿಸ್ತಿಲ್ಲ ಮಾರಾಯ್ರೇ, ಕಾಯ್ತಿದಾರೆ. ಫೇಲಾದ್ರೆ ಓದು ನಿಲ್ಲುತ್ತೆ, ಹದಿನೆಂಟು ತುಂಬಿದ ಕೂಡಲೇ ನನಗೆ ಕಟ್ಟಬಹುದು. ಪಾಸಾದ್ರೆ ನಾಲ್ಕು ವರ್ಷ ಓದಿ ಇನ್ಯಾರನ್ನೋ ಕೇಳ್ತಾಳೆ, ಅದಕ್ಕೆ."

"ಮದುವೆ ಮಾತು ಯಾರೋ ಆಡಿದ್ದು?"

"ತಟ್ಟೆ ಕೊಟ್ಟಿದ್ದು ಯಾರು? ಕಾಯಿ, ಎಲೆ, ಅಡಿಕೆ, ಮೇಲೆ ಹಸಿರು ಕಣ. ಹುಡುಗಿ ಪಕ್ಕದಲ್ಲಿ. ಇನ್ನು ಇವಳು ನಿಮ್ಮವಳು ಅಂದಿರಂತೆ."

ನಾನು ಕೂತೆ. ನಮ್ಮ ಕಡೆ ಹೆಣ್ಣು ಕೊಡುತ್ತೇವೆ ಎಂಬ ಮಾತಿಗೆ ಪತ್ರ ಬರೆಯುವುದಿಲ್ಲ. ಇದೇ ತಟ್ಟೆ ಕೊಡುತ್ತೇವೆ. ಗಂಡಿನ ತಾಯಿ ಆ ಕಾಯಿ ಒಡೆಯದೆ ದೇವರ ಮುಂದಿಟ್ಟರೆ ಒಪ್ಪಿದಂತೆ. ಕಣವೊಂದಿಲ್ಲದಿದ್ದರೆ ಅದು ಬರೀ ಗೌರವ. ಜೀವಮಾನವೆಲ್ಲ ಕಣ ಹರಿದು ಕೊಟ್ಟವನು ಸ್ವಂತ ಮಗಳನ್ನು ಆ ಅರವತ್ತು ಸೆಂಟಿಮೀಟರಿಗೆ ಸೇರಿಸಿ ಕೊಟ್ಟಿದ್ದೆ.

ಈಗಲೇ ಹೋಗಿ ಅಕ್ಕನಿಗೆ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಹುಡುಕಿದೆ. ಅವನು ತಡೆದ. ಈಗ ಹೇಳಿದರೆ ರಾದ್ಧಾಂತ, ಅಳು, ಎರಡು ಮನೆಯ ಜಗಳ. ಅದರ ನಡುವೆ ಅವಳು ಓದುವುದೆಲ್ಲಿಂದ ಬಂತು? ಪರೀಕ್ಷೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು, ಅಷ್ಟರವರೆಗೆ ಸಂಜೆ ತಾನೇ ಬಂದು ಪಾಠ ಹೇಳುತ್ತೇನೆ ಎಂದ. ಇಷ್ಟು ಒಳ್ಳೆಯ ಹುಡುಗನೇ ಎಂದು ನನ್ನ ಮನಸ್ಸು ಒಂದು ಕ್ಷಣ ಆ ತಟ್ಟೆಯ ಕಡೆಗೇ ವಾಲಿತು. ಅದು ಅವನಿಗೂ ಕಂಡಿರಬೇಕು.

"ಅವಳ ಮೇಲಿನ ಪ್ರೀತಿಗಲ್ಲ ಮಾವ. ದಿನಾ ಬೆಳಿಗ್ಗೆ ಎದ್ದು ಆ ಗಂಟುಮುಖ ನೋಡೋ ಶಕ್ತಿ ನನಗಿಲ್ಲ."

ಮನೆಗೆ ಹೋಗಿ ಹೆಂಡತಿಗೂ ಮಗಳಿಗೂ ಹೇಳಿದೆ. ಮಗಳು ಅಳುತ್ತಾಳೆಂದುಕೊಂಡಿದ್ದೆ. ಅವಳು, ಅವನ ಜೊತೆ ಮದುವೆಗಿಂತ ಇಂಟಿಗ್ರೇಷನ್ನೇ ವಾಸಿ, ಕರೀರಿ ಅವನನ್ನ, ಎಂದಳು. ಪರಸ್ಪರ ತಿರಸ್ಕಾರದಷ್ಟು ಭದ್ರವಾದ ತಳಹದಿಯ ಮೇಲೆ ನಿಂತ ವಿದ್ಯಾಭ್ಯಾಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆಂಡತಿ ಮಾತ್ರ ನನ್ನನ್ನು ಒಂದು ವಾರ ಊಟಕ್ಕೆ ಕರೆಯುವಾಗ "ಬೀಗರೇ" ಎಂದು ಕರೆದಳು.

ಅವನು ಕೆಲಸ ಮುಗಿಸಿ ಸಂಜೆ ಬರುತ್ತಿದ್ದ, ಕೈಯಲ್ಲಿ ಗ್ರೀಸಿನ ವಾಸನೆ. ಮೊದಲ ವರ್ಷದ ಪುಸ್ತಕವನ್ನು ಅಟ್ಟಕ್ಕೆ ಎಸೆದ. ಕಾಲೇಜಿನ ಹೋಂವರ್ಕು ಏನಿತ್ತೋ ಅದನ್ನೇ ಹಿಡಿದ. ಅವಳೇ ಬಿಡಿಸಬೇಕು, ಅವಳು ತಪ್ಪಿದಾಗ ಮಾತ್ರ ಇವನು ಬಾಯಿ ಬಿಡುವುದು. "ಲೇ, ಇದು ತಪ್ಪು. ಹೀಗೇ ಬರೀತಾ ಹೋಗು, ಹೋಗಿ ನಮ್ಮಮ್ಮನ ಜೊತೆ ಕಡುಬು ತಟ್ಟು" ಎಂಬುದು ಅವನ ಪ್ರೋತ್ಸಾಹದ ಮಾತು. ಅವಳು ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಮಾಡುತ್ತಿದ್ದಳು. ಅವಳ ಸರಿಯುತ್ತರಕ್ಕೆ ಅವನಷ್ಟು ಆತುರದಿಂದ ಕಾದವರಿಲ್ಲ. ಸ್ವಂತ ತಲೆ ಗಿಲೊಟಿನ್ ಕತ್ತಿಯ ಕೆಳಗಿರುವ ಮೇಷ್ಟ್ರು ಬೇರೆಯೇ ಥರ ಕಲಿಸುತ್ತಾರೆ.

ಒಂದು ಲೆಕ್ಕ ಅವಳಿಗೆ ಹತ್ತಲೇ ಇಲ್ಲ. ಗೋಡೆಗೆ ಒರಗಿಸಿದ ಏಣಿ. ಅದರ ಬುಡವನ್ನು ಒಂದೇ ವೇಗದಲ್ಲಿ ಗೋಡೆಯಿಂದ ಆಚೆಗೆ ಎಳೆದರೆ ತುದಿ ಎಷ್ಟು ವೇಗವಾಗಿ ಜಾರುತ್ತದೆ? ಬುಡದ ವೇಗ ಬದಲಾಗದಿದ್ದರೆ ತುದಿಯದು ಯಾಕೆ ಬದಲಾಗಬೇಕು ಎಂದು ಅವಳ ವಾದ. ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ಅವನು ಅವಳನ್ನು ಅಲ್ಲಿಗೇ ಕರೆದುಕೊಂಡು ಬಂದು, ಮೇಲಿನ ಕಪಾಟಿಗೆ ಹತ್ತುವ ನನ್ನ ಬಿದಿರೇಣಿಯ ಬುಡ ಹಿಡಿದು ನಿಧಾನವಾಗಿ ಎಳೆದ. ತುದಿ ಮೊದಮೊದಲು ಅಲುಗಿದ್ದೇ ಕಾಣಲಿಲ್ಲ. ಆಮೇಲೆ ಇಳಿಯತೊಡಗಿತು. ಬುಡ ಅದೇ ನಿಧಾನದಲ್ಲಿ ಸರಿಯುತ್ತಿದ್ದಂತೆ ತುದಿ ರಭಸಕ್ಕೆ ಬಿದ್ದು, ಶರ್ಟ್ ಪೀಸಿನ ಶೋಕೇಸಿನ ಗಾಜು ಪುಡಿಯಾಯಿತು. ಅವಳು ಗಾಜಿನ ನಡುವೆ ನಿಂತೇ, "ಓ, ಅರ್ಥ ಆಯ್ತು" ಎಂದಳು. ನನಗೂ ಆಯಿತು.

ಅಣೆಕಟ್ಟೆಯ ಗೋಡೆಯ ಪ್ರಶ್ನೆಯೂ ಹಾಗೇ ತೀರಿತು. ಒಂದರ ಮೇಲೊಂದು ಪೇರಿಸಿದ ಸೀರೆಗಳ ರಾಶಿಯನ್ನು ತೋರಿಸಿ, ಕೆಳಗಿನದಕ್ಕೆ ಹೆಚ್ಚು ಒತ್ತಡ, ಮೇಲಿನದಕ್ಕೆ ಕಡಿಮೆ, ನೀರೂ ಹೀಗೇ. ಒಂದೊಂದು ಪದರದ ತಳ್ಳಾಟ ಬೇರೆ ಬೇರೆ ತೆಗೆದು ಎಲ್ಲ ಕೂಡಿಸು, ಅದೇ ಇಂಟಿಗ್ರೇಷನ್ ಎಂದ. ಗೋಡೆಯ ಬುಡ ದಪ್ಪಗಿರುವುದು ಯಾಕೆಂದು ಅವಳೇ ಹೇಳಿದಳು. ಅವತ್ತು ಇಬ್ಬರೂ ಬೈದಾಡಲಿಲ್ಲ. ಮರುದಿನ ಸರಿಹೋಯಿತು.

ಇತ್ತ ಭದ್ರಾವತಿಯ ಭಾನುವಾರಗಳು ನಿಲ್ಲಲಿಲ್ಲ. ನಿಲ್ಲಿಸಿದರೆ ಸಂಶಯ ಬರುತ್ತದೆ. ಮಗಳು ನಿಂತು ಮೀಟರು, ಕಿಲೋಗ್ರಾಂ ಒಪ್ಪಿಸಿದಳು. ಅಕ್ಕನಿಗೆ ಮಗ ಸಂಜೆ ನಮ್ಮ ಮನೆಗೆ ಹೋಗುವ ಸುದ್ದಿ ಹೇಗೋ ತಿಳಿದಿತ್ತು. ಅವಳ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಹುಡುಗ ಹುಡುಗಿ ಒಟ್ಟಿಗೆ ಕೂರುತ್ತಾರಂತೆ ಎಂದು ಅವನ ಬ್ಯಾಗಿನಲ್ಲಿ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು, ಚಕ್ಕುಲಿ ಕಳಿಸುತ್ತಿದ್ದಳು. ಅವಳ ಆಸೆಯ ಕತ್ತು ಹಿಸುಕುವ ಕೆಲಸ ಅವಳದೇ ತುಪ್ಪದಲ್ಲಿ ನಡೆಯಿತು. ಹೋಳಿಗೆ ಬಹಳ ಚೆನ್ನಾಗಿರುತ್ತಿತ್ತು; ನಾವು ನಾಲ್ವರೂ ತಿನ್ನುತ್ತಿದ್ದೆವು.

ಫಲಿತಾಂಶ ಬಂತು. ಎರಡರಲ್ಲೂ ಎದ್ದು ಕಾಣುವಂಥ ಅಂಕ. ಮುಂದೆ ಸಿಇಟಿಯಲ್ಲೂ ಸಿವಿಲ್ ಸೀಟಿಗೆ ಸಾಲುವಷ್ಟು ಬಂತು, ಅದು ಬಿಡಿ. ಫಲಿತಾಂಶದ ಮರುಭಾನುವಾರ ಭಾವ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಅವತ್ತು ಮಗನನ್ನೂ ಅಕ್ಕ ಹೊರಗೆ ಹೋಗಲು ಬಿಟ್ಟಿರಲಿಲ್ಲ. ಪಾಯ ಗಟ್ಟಿಯಿದ್ದರೆ ಛಾವಣಿ ತಾನಾಗಿ ನಿಲ್ಲುತ್ತದೆ ಎಂದು ಭಾವ ಬೆತ್ತದ ಕುರ್ಚಿಯಿಂದ ಉಪನ್ಯಾಸ ಕೊಟ್ಟರು. ಫೇಲಾಗದೆ ಹೋದದ್ದು ಅವರಿಗೆ ಕಹಿಯಾಗಿತ್ತು, ಆದರೆ ಗುರುವೆಂಬ ಕೀರ್ತಿಯ ಬೆಲ್ಲ ಹಚ್ಚಿ ನುಂಗುತ್ತಿದ್ದರು. ಊಟದ ನಂತರ ಅಕ್ಕ ಬಂದು ನನ್ನ ಪಕ್ಕ ಕೂತಳು.

"ಓದೋದಾದ್ರೆ ಓದಲಿ ತಮ್ಮಾ, ಬೇಡ ಅನ್ನಲ್ಲ. ಆಷಾಢ ಬರೋದ್ರೊಳಗೆ ಶಾಸ್ತ್ರ ಒಂದು ಮುಗಿಸಿಬಿಡೋಣ. ನೀನು ಕೊಟ್ಟ ಕಾಯಿ ದೇವರ ಮುಂದೇ ಇದೆ."

ನಾನು ಬಾಯಿ ತೆರೆಯುವ ಮೊದಲೇ ಅವಳ ಮಗ, ನನಗೆ ಇವಳು ಬೇಡ, ಇವಳಿಗೆ ನಾನು ಬೇಡ, ಪಾಸಾಗಲಿ ಎಂದೇ ನಾನು ಅವಳಿಗೆ ಪಾಠ ಹೇಳಿದ್ದು, ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ತಟ್ಟೆ ಬರೀ ವಿದ್ಯೆಗೆ ಕೊಟ್ಟದ್ದು ಎಂದು ನಾನೂ ಸೇರಿಸಿದೆ. ಆ ಮಾತು ಯಾರಿಗೂ ಬೇಕಾಗಿರಲಿಲ್ಲ. ಅಕ್ಕ ಮಗನನ್ನು ನೋಡಿದಳು. "ಹೋಳಿಗೆ?" ಎಂದಳು. ಅಷ್ಟೇ.

ಭಾವ ಮಾತ್ರ ಪಟ್ಟು ಬಿಡಲಿಲ್ಲ. ಕಲಿಸಿದ್ದು ಯಾರು ಎಂಬುದು ಹುಡುಗಿಯೇ ಹೇಳಲಿ ಎಂದು ಅವಳ ಕಡೆ ತಿರುಗಿದರು. ಮಗಳು ಎದ್ದು ಹೋಗಿ, ಅವರ ಎಲೆಪೆಟ್ಟಿಗೆಯಿಂದ ಒಂದು ಗೋಟಡಿಕೆ ತೆಗೆದುಕೊಂಡಳು.

"ನೀವೂ ಕಲಿಸಿದೀರಿ ಮಾವ. ಮೇಲೆ ಹೋದದ್ದು ನಿಂತ ಹಾಗೆ ಕಂಡರೂ ಬೀಳೋದು ತಪ್ಪಲ್ಲ ಅಂತ. ನಿಮ್ಮನ್ನ ನೋಡ್ತಾ ಚೆನ್ನಾಗಿ ಅರ್ಥ ಆಯ್ತು."

ಹೇಳಿ ಅಡಿಕೆಯನ್ನು ಮೇಲಕ್ಕೆ ಎಸೆದಳು. ಹಿಡಿಯಲಿಲ್ಲ. ಅದು ಮೊಸಾಯಿಕ್ ನೆಲಕ್ಕೆ ಬಿದ್ದು, ಪುಟಿದು, ದಿವಾನದ ಕೆಳಗೆ ಹೋಯಿತು. ಭಾವ ಕುರ್ಚಿಯಿಂದ ಎದ್ದು, ಮಂಡಿಯೂರಿ, ದಿವಾನದ ಕೆಳಗೆ ಕೈ ಹಾಕಿ ತಡಕಾಡಿದರು. ಬೇರೇನು ಮಾಡುವುದೆಂದು ಅವರಿಗೆ ತೋಚಿರಲಿಕ್ಕಿಲ್ಲ. ಕೈ ಎಟುಕಲಿಲ್ಲ. ಯಾರೂ ದಿವಾನ ಸರಿಸಿ ಕೊಡಲಿಲ್ಲ. ಅದರ ಮೇಲೆ ನಾನು ಕೂತಿದ್ದೆ.

ಗೌರಿ ಹಬ್ಬಕ್ಕೆ ತವರಿನ ಬಾಗಿನ ತೆಗೆದುಕೊಂಡು ನಾನೊಬ್ಬನೇ ಭದ್ರಾವತಿಗೆ ಹೋದೆ. ಈ ಸಲ ತಟ್ಟೆಯಲ್ಲಿ ಏನೇನಿದೆ ಎಂದು ಹೆಂಡತಿ ಖುದ್ದು ತಪಾಸಣೆ ಮಾಡಿದ್ದಳು. ಭಾವ ಒಳಗಿದ್ದರು, ಹೊರಗೆ ಬರಲಿಲ್ಲ. ಅಕ್ಕ ಬಾಗಿಲಲ್ಲೇ ಬಾಗಿನ ತೆಗೆದುಕೊಂಡು, ಕೂರು ಎನ್ನದೆ ಒಳಗೆ ಹೋದಳು. ಕಾಫಿಗೆ ಹೋದಳೆಂದು ಕಾದೆ. ಅವಳು ಬಂದದ್ದು ಆ ಹಳೆಯ ಕಾಯಿ ಹಿಡಿದುಕೊಂಡು. ವರ್ಷದಿಂದ ಹಚ್ಚಿದ ಅರಿಸಿನ ಕುಂಕುಮ ಜುಟ್ಟಿನವರೆಗೂ ಗಟ್ಟಿಯಾಗಿ ಕೂತಿತ್ತು. ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನೀರೆಲ್ಲ ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಉರುಳಿತು.

"ತಗೊಂಡು ಹೋಗು. ಚಟ್ನಿಪುಡಿಗೆ ಆಗುತ್ತೆ."

ಬಾಗಿಲು ಹಾಕಿಕೊಂಡಳು. ಬಸ್ಸಿನಲ್ಲಿ ಕಾಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ; ಪ್ರತಿ ಗುಂಡಿಗೂ ಅದು ಒಳಗೊಳಗೇ ಮಾತಾಡುತ್ತಿತ್ತು. ಹೆಂಡತಿ ಒಡೆದು ನೋಡಿ, ಒಳ್ಳೆಯ ಕೊಬ್ಬರಿ, ವೇಸ್ಟ್ ಮಾಡಬಾರದು ಎಂದು ಅವತ್ತೇ ಪುಡಿ ಮಾಡಿದಳು. ಅದೇ ವಾರ ಮಗಳು ಎಂಜಿನಿಯರಿಂಗ್ ಹಾಸ್ಟೆಲ್ಲಿಗೆ ಹೊರಟಾಗ ಒಂದು ಡಬ್ಬಿ ತುಂಬ ಅದು ಹೋಯಿತು. ಬಹಳ ರುಚಿಯಾಗಿತ್ತು, ರೂಮಿನವರೆಲ್ಲ ಕೇಳಿ ಕೇಳಿ ಹಾಕಿಸಿಕೊಂಡರು, ಇನ್ನೊಂದು ಡಬ್ಬಿ ಕಳಿಸಿ ಎಂದು ಫೋನು ಮಾಡಿದ್ದಳು.